ಕೇಳುತ್ತದೆಯೇ ಎಂದು ಕೂಸನ್ನು ಕೇಳುವುದು ಹೇಗೆ?

ತೊಟ್ಟಿಲ ಕೂಸಿಗೆ ಕಿವಿ ಕೇಳುತ್ತದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಮನೆಯ ಹಿರಿಯರು ಮಾಡುವ ಪರೀಕ್ಷೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬೀಳಿಸುತ್ತಾರೆ. ಬಾಗಿಲನ್ನು ದಢಾರನೆ ಹಾಕುತ್ತಾರೆ. ಕೂಸು ಬೆಚ್ಚಿದರೆ, ಇಲ್ಲವೇ ಇತ್ತ ತಿರುಗಿದರೆ ‘ಕೇಳುತ್ತದೆ ಬಿಡು’ ಎಂದು ಎಲ್ಲರಿಗೂ ನಿರಾಳ. ಎರಡು ವರ್ಷವಾದರೂ ಮಾತು ಬಾರದಿದ್ದರೆ ‘ಇವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ.

ಈ ಪರೀಕ್ಷೆಯನ್ನು ನಂಬುವಂತಿಲ್ಲ. ಚಪ್ಪಾಳೆಯ ಗಾಳಿ ಕೆನ್ನೆಗೆ ತಾಗಿರಬಹುದು, ತಟ್ಟೆ ಬಿದ್ದ ಅದುರು ನೆಲದಿಂದ ಮೈಗೆ ತಲುಪಿರಬಹುದು, ತಟ್ಟಿದವರ ನೆರಳು ಗೋಡೆಯ ಮೇಲೆ ಸುಳಿದಿರಬಹುದು. ಕಿವಿ ಕೇಳದ ಕೂಸೂ ಇಷ್ಟಕ್ಕೆಲ್ಲ ತಿರುಗುತ್ತದೆ. ಇನ್ನು ಭಾರೀ ಸದ್ದೊಂದು ಕೇಳಿಸಿತು ಎಂದ ಮಾತ್ರಕ್ಕೆ ಮಾತಿನೊಳಗಿನ ಸಣ್ಣ ಸದ್ದುಗಳೂ ಕೇಳಿಸುತ್ತವೆ ಎಂದು ಹೇಳುವಂತಿಲ್ಲ.

ಕನ್ನಡದಲ್ಲಿ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥ: ಆಲಿಸುವುದು ಮತ್ತು ಪ್ರಶ್ನಿಸುವುದು. ಮಾತೇ ಬಾರದ ಕೂಸನ್ನು ‘ನಿನಗೆ ಕೇಳುತ್ತದೆಯೇ?’ ಎಂದು ಕೇಳುವುದು ಹೇಗೆ ಎಂಬುದು ವೈದ್ಯರನ್ನೂ ಶಿಕ್ಷಕರನ್ನೂ ಇನ್ನೂರು ವರ್ಷ ಕಾಡಿದ ಸಮಸ್ಯೆ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಹುಟ್ಟಿನಿಂದಲೇ ಗಣನೀಯ ಶ್ರವಣದೋಷವಿರುತ್ತದೆ. ಆದ್ದರಿಂದ ಉತ್ತರ ಹುಡುಕುವುದು ಅನಿವಾರ್ಯವಾಗಿತ್ತು.

ಪಿಸ್ತೂಲು ಮತ್ತು ಅಕ್ರೋಟು

1800ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಕಾಡಂಚಿನ ಹಳ್ಳಿಯೊಂದರಲ್ಲಿ ಹನ್ನೊಂದು-ಹನ್ನೆರಡು ವರ್ಷದ ಹುಡುಗನೊಬ್ಬ ಸಿಕ್ಕಿಬಿದ್ದ. ಬಾಯಲ್ಲಿ ಮಾತಿರಲಿಲ್ಲ. ‘ಅವೆರೋನಿನ ಕಾಡುಹುಡುಗ’ ಎಂದು ಹೆಸರಾದ ಆತನನ್ನು ಪ್ಯಾರಿಸ್ಸಿನ ಕಿವುಡ-ಮೂಕರ ಸಂಸ್ಥೆಗೆ ಕರೆತಂದರು. ಕರೆದರೆ ತಿರುಗುತ್ತಿರಲಿಲ್ಲವಾದ್ದರಿಂದ ಕಿವುಡನೇ ಇರಬೇಕು ಎಂದುಕೊಂಡವರು ಹಲವರು.

ಸಂಸ್ಥೆಯ ಯುವ ವೈದ್ಯ ಜ್ಯಾಂ ಮಾರ್ಕ್ ಗಾಸ್ಪಾರ್ ಇತಾರ್ ಪರೀಕ್ಷೆಗೆ ನಿಂತ. ಹುಡುಗನ ಹತ್ತಿರವೇ ಎರಡು ಬಾರಿ ಪಿಸ್ತೂಲು ಹಾರಿಸಿದಾಗ ಮೊದಲನೆಯದಕ್ಕೆ ಆತ ತುಸು ಅಲುಗಿದ. ಎರಡನೆಯದಕ್ಕೆ ತಲೆಯನ್ನೂ ತಿರುಗಿಸಲಿಲ್ಲ. ಆದರೆ ಅವನಿಗೆ ಪ್ರಿಯವಾದ ಅಕ್ರೋಟನ್ನು ಬೆನ್ನ ಹಿಂದೆ ಮೆಲ್ಲಗೆ ಒಡೆದರೂ ಸಾಕು, ಥಟ್ಟನೆ ತಿರುಗುತ್ತಿದ್ದ. ಮಾತಿನ ಸದ್ದುಗಳಲ್ಲಿ ‘ಓ’ ಎಂಬ ಸ್ವರಕ್ಕೆ ಮಾತ್ರ ಕಿವಿಗೊಡುವುದನ್ನು ಗಮನಿಸಿದ ಇತಾರ್, ಅದೇ ಸ್ವರ ಎದ್ದು ಕೇಳುವ ‘ವಿಕ್ಟೋರ್’ ಎಂಬ ಹೆಸರನ್ನು ಆತನಿಗೆ ಇಟ್ಟ. 1801ರ ತನ್ನ ವರದಿಯಲ್ಲಿ ಇದನ್ನೆಲ್ಲ ಬರೆದಿಟ್ಟ.

ಮಗು ಪ್ರತಿಕ್ರಿಯೆ ತೋರದಿದ್ದರೆ ಅದಕ್ಕೆ ಕಾರಣ ಕಿವುಡೇ ಆಗಿರಬೇಕಿಲ್ಲ. ಸದ್ದು ಎಷ್ಟು ದೊಡ್ಡದು ಎಂಬುದಕ್ಕಿಂತ ಆ ಸದ್ದಿನಿಂದ ಮಗುವಿಗೆ ಏನಾಗಬೇಕಿದೆ ಎಂಬುದು ಮುಖ್ಯ. ಇತಾರ್ ಕಂಡ ಈ ಸಂಗತಿ ಪರೀಕ್ಷೆಯ ಪದ್ಧತಿಯಾಗಿ ರೂಪುಗೊಳ್ಳಲು ಮುಂದೆ ನೂರ ನಲವತ್ತು ವರ್ಷಗಳೇ ಹಿಡಿದವು.

ಬಟ್ಟಲು, ಚಮಚ, ಗಿಲಕಿ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಿವುಡ ಮಕ್ಕಳ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಐರೀನ್ ಯೂಯಿಂಗ್ ಮತ್ತು ಅವರ ಪತಿ ಅಲೆಗ್ಸಾಂಡರ್ ಯೂಯಿಂಗ್ 1944ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಎಳೆಯ ಮಕ್ಕಳಲ್ಲಿ ಕಿವುಡನ್ನು ಪತ್ತೆಹಚ್ಚುವ ಬಗೆ ಅದರ ವಿಷಯ. ಅವರು ಬಳಸಿದ ಸಾಮಗ್ರಿ ಯಾವ ಮನೆಯಲ್ಲಾದರೂ ಸಿಗುವಂಥದು: ಬಟ್ಟಲಿನ ಅಂಚಿಗೆ ಸವರುವ ಚಮಚ, ಮುದುಡುವ ತೆಳು ಕಾಗದ, ಗಿಲಕಿ, ಮೆಲುದನಿ. ದೊಡ್ಡ ಗದ್ದಲಕ್ಕೆ ಸುಮ್ಮನಿರುವ ಮಗುವೂ ಊಟದ ನೆನಪು ತರುವ ಚಮಚದ ಸಣ್ಣ ಸದ್ದಿಗೆ ತಲೆ ತಿರುಗಿಸುವುದನ್ನು ಅವರು ಕಂಡಿದ್ದರು.

ಇದರಿಂದ ಹುಟ್ಟಿದ ಪರೀಕ್ಷೆಯಲ್ಲಿ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಎದುರಿಗಿರುವವರು ಆಟಿಕೆಯಿಂದ ಮಗುವಿನ ಗಮನ ಸೆಳೆದು, ಅದನ್ನು ಮೆಲ್ಲಗೆ ಮರೆಮಾಡುತ್ತಾರೆ. ಅದೇ ಗಳಿಗೆಗೆ ಹಿಂದಿನಿಂದ, ಕಿವಿಯ ಮಟ್ಟದಲ್ಲಿ, ಇನ್ನೊಬ್ಬರು ಸದ್ದು ಮಾಡುತ್ತಾರೆ. ಮಗು ಆ ಕಡೆ ತಿರುಗಿದರೆ ತೇರ್ಗಡೆ. ಬ್ರಿಟನ್ನಿನಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಇದನ್ನು ಕಲಿಸಲಾಯಿತು. ಏಳೆಂಟು ತಿಂಗಳ ಮಕ್ಕಳಿಗೆ ಈ ಪರೀಕ್ಷೆ ಮಾಡುವುದು ಅಲ್ಲಿ ದಶಕಗಳ ಕಾಲ ವಾಡಿಕೆಯಾಗಿತ್ತು.

ಸ್ವಲ್ಪ ದೊಡ್ಡ ಮಕ್ಕಳಿಗೆ ಬೇರೆ ಉಪಾಯಗಳು ಬಂದವು. 1947ರಲ್ಲಿ ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಒಂದು ಇಣುಕುಪೆಟ್ಟಿಗೆ ಮಾಡಿದರು. ಸದ್ದು ಕೇಳಿದಾಗ ಮಗು ಗುಂಡಿ ಒತ್ತಿದರೆ ಪೆಟ್ಟಿಗೆಯೊಳಗೆ ದೀಪ ಹತ್ತಿ ಚಿತ್ರ ಕಾಣುತ್ತಿತ್ತು; ಸದ್ದಿಲ್ಲದಾಗ ಒತ್ತಿದರೆ ಏನೂ ಇಲ್ಲ. 1961ರಲ್ಲಿ ಜಪಾನಿನ ಸುಜುಕಿ ಮತ್ತು ಓಗಿಬಾ ಇದನ್ನೇ ಇನ್ನಷ್ಟು ಸರಳಗೊಳಿಸಿದರು: ಸದ್ದು ಬಂದ ಕಡೆಗೆ ಕೂಸು ತಿರುಗಿದರೆ ಅಲ್ಲೊಂದು ಗೊಂಬೆಗೆ ಬೆಳಕು ಬೀಳುತ್ತದೆ. ಗೊಂಬೆ ನೋಡುವ ಆಸೆಗೆ ಕೂಸು ಮೆಲುಸದ್ದಿಗೂ ಕಿವಿಗೊಡುತ್ತದೆ. ಮಾತಿನಲ್ಲಿ ಕೇಳಲಾಗದ ಪ್ರಶ್ನೆಗೆ ಉತ್ತರ ಆಟದ ರೂಪದಲ್ಲಿ ಬರತೊಡಗಿತು.

ರಬ್ಬರ್ ನಿಪ್ಪಲ್ ಹೇಳಿದ ಕಥೆ

ಅಲ್ಲಿಯವರೆಗೆ ವೈದ್ಯರ ಪ್ರಶ್ನೆ ‘ಸದ್ದು ಕೇಳುತ್ತದೆಯೇ?’ ಎಂಬುದಷ್ಟೇ. ಇದಕ್ಕೆ ಸಂಬಂಧವೇ ಇಲ್ಲವೆಂಬಂತೆ ಮನಶ್ಶಾಸ್ತ್ರಜ್ಞರು ಇನ್ನೊಂದು ಪ್ರಶ್ನೆಯ ಬೆನ್ನು ಹತ್ತಿದ್ದರು: ಕೇಳಿದ ಸದ್ದಿನಲ್ಲಿ ಕೂಸು ಮಾತನ್ನು ಗುರುತಿಸುತ್ತದೆಯೇ? ಬಹುತೇಕರ ನಂಬಿಕೆಯ ಪ್ರಕಾರ ಎಳೆಗೂಸಿಗೆ ಮಾತೆಂದರೆ ಬರೀ ಗದ್ದಲ. ತಾನೇ ಮಾತಾಡಲು ಕಲಿಯುತ್ತ ಹೋದಂತೆ ಅಕ್ಷರಗಳ ವ್ಯತ್ಯಾಸ ಅದಕ್ಕೆ ತಿಳಿಯುತ್ತದೆ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಐಮಾಸ್ ಮತ್ತು ಸಂಗಡಿಗರು 1971ರಲ್ಲಿ ಈ ನಂಬಿಕೆಯನ್ನು ಅಲುಗಿಸಿದರು. ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಕೂಸುಗಳ ಬಾಯಿಗೆ ತಂತಿ ಜೋಡಿಸಿದ ರಬ್ಬರ್ ನಿಪ್ಪಲ್ ಕೊಟ್ಟರು. ಕೂಸು ಜೋರಾಗಿ ಹೀರಿದಾಗಲೆಲ್ಲ ‘ಬಾ’ ಎಂಬ ಸದ್ದು ಕೇಳುತ್ತದೆ. ಹೊಸದರಲ್ಲಿ ಕೂಸು ಹುರುಪಿನಿಂದ ಹೀರುತ್ತದೆ. ಅದೇ ಸದ್ದು ಮತ್ತೆ ಮತ್ತೆ ಬಂದಾಗ ಬೇಸರವಾಗಿ ನಿಧಾನಿಸುತ್ತದೆ. ಆಗ ಸದ್ದನ್ನು ‘ಪಾ’ ಎಂದು ಬದಲಿಸಿದರೆ? ಕೂಸು ಮತ್ತೆ ಚುರುಕಾಗಿ ಹೀರತೊಡಗಿತು. ಬದಲಾವಣೆ ಅದಕ್ಕೆ ತಿಳಿದಿತ್ತು. ಸದ್ದನ್ನು ಅಷ್ಟೇ ಪ್ರಮಾಣದಲ್ಲಿ ಬದಲಿಸಿ, ಆದರೆ ‘ಬಾ’ ಎಂಬ ಗಡಿಯೊಳಗೇ ಇಟ್ಟಾಗ ಕೂಸು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂದರೆ ಒಂದು ತಿಂಗಳ ಕೂಸೂ ಮಾತಿನ ಸದ್ದುಗಳನ್ನು ದೊಡ್ಡವರಂತೆಯೇ ಬೇರೆ ಬೇರೆ ಗುಂಪುಗಳಾಗಿ ಕೇಳುತ್ತಿತ್ತು.

1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಇದೇ ಉಪಾಯದಿಂದ ಇನ್ನೊಂದನ್ನು ತೋರಿಸಿದರು. ಹುಟ್ಟಿ ಮೂರು ದಿನದೊಳಗಿನ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಲು ತಮ್ಮ ಹೀರುವ ಲಯವನ್ನೇ ಬದಲಿಸಿಕೊಳ್ಳುತ್ತಿದ್ದವು. ಗರ್ಭದ ಆರನೆಯ ತಿಂಗಳ ಹೊತ್ತಿಗೆ ಶಿಶುವಿನ ಕಿವಿ ಕೆಲಸ ಮಾಡತೊಡಗುತ್ತದೆ. ತಾಯಿಯ ದನಿಯ ಪರಿಚಯ ಆಗುವುದು ಅಲ್ಲಿಯೇ.

ಕತ್ತು ಮತ್ತು ಕಟ್ಟು

ಈ ಎರಡು ದಾರಿಗಳು ಸಂಧಿಸಿದ್ದು 1970ರ ದಶಕದಲ್ಲಿ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಕಿವಿ ಪರೀಕ್ಷೆಗೆಂದು ಬೆಳೆದುಬಂದ ಬೆಳಕಿನ ಗೊಂಬೆಯ ಆಟವನ್ನೇ ಮಾತಿನ ಪರೀಕ್ಷೆಗೆ ಅಳವಡಿಸಿದರು. ಒಂದೇ ಅಕ್ಷರ ಮತ್ತೆ ಮತ್ತೆ ಕೇಳಿಬರುತ್ತಿರುತ್ತದೆ. ಅಕ್ಷರ ಬದಲಾದಾಗ ಕೂಸು ತಿರುಗಿದರೆ ಗೊಂಬೆ ಬೆಳಗುತ್ತದೆ.

ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇದೇ ಆಟ ಬಳಸಿ ನಡೆಸಿದ ಪ್ರಯೋಗ ಕನ್ನಡಿಗರಿಗೆ ಸುಲಭವಾಗಿ ಅರ್ಥವಾಗುವಂಥದು. ‘ಕತ್ತು’ ಮತ್ತು ‘ಕಟ್ಟು’, ‘ಹತ್ತಿ’ ಮತ್ತು ‘ಹಟ್ಟಿ’ ಬೇರೆ ಬೇರೆ ಪದಗಳೆಂದು ಕನ್ನಡದ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ತ ಮತ್ತು ಟ ಬೇರೆಯೆಂದು ಹಿಂದಿಯ ಮಗುವಿಗೂ ಗೊತ್ತು. ಆದರೆ ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಎರಡೂ ಒಂದೇ ಎಂದು ಕೇಳಿಸುತ್ತದೆ. ವರ್ಕರ್ ಮತ್ತು ಟೀಸ್ ಹಿಂದಿಯ ತ-ಟ ಜೋಡಿಯನ್ನೂ ಕೆನಡಾದ ಮೂಲನಿವಾಸಿಗಳ ನುಡಿಯೊಂದರ ಇನ್ನೊಂದು ಜೋಡಿಯನ್ನೂ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ತ-ಟ ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವಕ್ಕೆ ಅದು ಸಾಧ್ಯವಾಗಲಿಲ್ಲ. ಹಿಂದಿ ಮಾತಾಡುವ ಮನೆಯ ಹನ್ನೊಂದು-ಹನ್ನೆರಡು ತಿಂಗಳ ಕೂಸುಗಳು ಮಾತ್ರ ಸಲೀಸಾಗಿ ಗುರುತಿಸಿದವು.

ಎಲ್ಲ ನುಡಿಗಳ ಸದ್ದಿಗೂ ತೆರೆದಿದ್ದ ಕಿವಿ, ವರ್ಷ ತುಂಬುವ ಮೊದಲೇ ಮನೆಮಾತಿಗೆ ಹೊಂದಿಕೊಂಡಿರುತ್ತದೆ. ‘ಅಮ್ಮ’ ಎಂಬ ಮೊದಲ ಮಾತು ಹೊರಡುವಷ್ಟರಲ್ಲಿ ಮಗು ಆಗಲೇ ತಿಂಗಳುಗಟ್ಟಲೆ ಪಾಠ ಕೇಳಿರುತ್ತದೆ.

ಕಿವಿ ಕೇಳದ ಕೂಸಿನ ಪಾಡನ್ನು ಇದರ ಜೊತೆಗಿಟ್ಟು ನೋಡಬೇಕು. ಅದೂ ಮೊದಲ ತಿಂಗಳುಗಳಲ್ಲಿ ಎಲ್ಲ ಕೂಸುಗಳಂತೆ ಅಳುತ್ತದೆ, ನಗುತ್ತದೆ, ಗೂ-ಗೂ ಎನ್ನುತ್ತದೆ. ಮನೆಯವರಿಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ. ‘ಬಾಬಾ, ದಾದಾ’ ಎಂಬ ತೊದಲು ತಡವಾಗುವುದು ಆಮೇಲೆ. ಮಾತು ಬಂದಿಲ್ಲವೆಂದು ಗೊತ್ತಾಗಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎರಡು-ಮೂರು ವರ್ಷ ಕಳೆದಿರುತ್ತದೆ. ಕಿವಿಯ ಪಾಠದ ಮೊದಲ ತರಗತಿಗಳೆಲ್ಲ ಅಷ್ಟರಲ್ಲಿ ಮುಗಿದಿರುತ್ತವೆ. ‘ಕಾದು ನೋಡೋಣ’ ಎಂಬ ಮಾತು ಎಷ್ಟು ದುಬಾರಿ ಎಂಬುದನ್ನು ಈ ಸಂಶೋಧನೆಗಳು ಮನದಟ್ಟು ಮಾಡಿದವು.

ಹೆರಿಗೆ ವಾರ್ಡಿನಲ್ಲಿ ಸೋಲು

ಹುಟ್ಟಿದ ಕೂಡಲೇ ಪರೀಕ್ಷಿಸಬೇಕು ಎಂಬ ಯೋಚನೆ ಅದಕ್ಕೂ ಮೊದಲೇ ಒಬ್ಬರಿಗೆ ಬಂದಿತ್ತು. ಅಮೆರಿಕದ ಡೆನ್ವರ್ ನಗರದ ಮೇರಿಯನ್ ಡೌನ್ಸ್ 1960ರ ದಶಕದಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಹೆರಿಗೆ ವಾರ್ಡುಗಳಿಗೆ ಕಳಿಸಿದರು. ಮಲಗಿದ ಶಿಶುವಿನ ಬಳಿ 90 ಡೆಸಿಬೆಲ್ ಸದ್ದು ಮಾಡಿ, ರೆಪ್ಪೆ ಮಿಟುಕಿತೇ, ಕೈಕಾಲು ಅಲುಗಿತೇ ಎಂದು ಬರೆದುಕೊಳ್ಳುವುದು ಅವರ ಕೆಲಸ. 1969ರಲ್ಲಿ ಡೌನ್ಸ್ 17,000 ಶಿಶುಗಳ ತಪಾಸಣೆಯ ವರದಿ ಕೊಟ್ಟರು.

ಪದ್ಧತಿ ನಿಲ್ಲಲಿಲ್ಲ. ನಿದ್ದೆಯಲ್ಲಿ ಶಿಶು ಸುಮ್ಮಸುಮ್ಮನೆ ಅಲುಗುತ್ತದೆ. ಒಬ್ಬರಿಗೆ ಕಂಡ ಅಲುಗಾಟ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಷ್ಟು ಜೋರು ಸದ್ದಿಗೆ ಮಧ್ಯಮ ಪ್ರಮಾಣದ ದೋಷವಿರುವ ಶಿಶುವೂ ಬೆಚ್ಚಿ ತೇರ್ಗಡೆಯಾಗುತ್ತದೆ. ಡೌನ್ಸ್ ಅವರ ಸಲಹೆಯ ಮೇರೆಗೆ 1969ರಲ್ಲಿ ರಚನೆಯಾದ ತಜ್ಞರ ಜಂಟಿ ಸಮಿತಿಯೇ ಇಂಥ ಸಾಮೂಹಿಕ ತಪಾಸಣೆ ಬೇಡವೆಂದಿತು. ಬದಲಿಗೆ 1973ರಲ್ಲಿ ಅಪಾಯದ ಅಂಶಗಳ ಪಟ್ಟಿಯೊಂದು ಬಂತು: ವಂಶದಲ್ಲಿ ಕಿವುಡು, ಗರ್ಭಿಣಿಗೆ ರುಬೆಲ್ಲಾ ಸೋಂಕು, ತೀರಾ ಕಡಿಮೆ ತೂಕ, ವಿಪರೀತ ಕಾಮಾಲೆ ಇತ್ಯಾದಿ. ಪಟ್ಟಿಯಲ್ಲಿರುವ ಶಿಶುಗಳನ್ನಷ್ಟೇ ಪರೀಕ್ಷಿಸಿದರೆ ಶ್ರವಣದೋಷವಿರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ತಪ್ಪಿಹೋಗುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು.

ಬ್ರಿಟನ್ನಿನ ಚಮಚ-ಬಟ್ಟಲಿನ ಪರೀಕ್ಷೆಗೂ ಇಂಥದೇ ಗತಿ. ಅನುಭವಸ್ಥರ ಕೈಯಲ್ಲಿ ಚೆನ್ನಾಗಿದ್ದ ಪರೀಕ್ಷೆ, ಅವಸರದಲ್ಲಿ, ಗದ್ದಲದ ಕೋಣೆಯಲ್ಲಿ ಮಾಡಿದಾಗ ತಪ್ಪು ಹೇಳುತ್ತಿತ್ತು. ಕಾರ್ಯಕರ್ತೆಯ ನೆರಳಿಗೋ ಹೆಜ್ಜೆಯ ಅದುರಿಗೋ ತಿರುಗಿದ ಮಗು ‘ಕೇಳುತ್ತದೆ’ ಎಂಬ ಚೀಟಿ ಪಡೆದು ಮನೆಗೆ ಹೋಗುತ್ತಿತ್ತು. ಆ ಚೀಟಿಯಿಂದ ಹಾನಿಯೇ ಹೆಚ್ಚು. ಮುಂದೆ ತಾಯಿಗೆ ಅನುಮಾನ ಬಂದರೂ ‘ಪರೀಕ್ಷೆ ಆಗಿದೆಯಲ್ಲ’ ಎಂದು ಎಲ್ಲರೂ ಸುಮ್ಮನಾಗಿಸುತ್ತಿದ್ದರು.

ಕಿವಿಯೇ ಉತ್ತರಿಸಿತು

ಮಗುವಿನ ವರ್ತನೆಯನ್ನು ನಂಬದೆ ಮಗುವಿನ ದೇಹದಿಂದಲೇ ಉತ್ತರ ಪಡೆಯುವ ಎರಡು ದಾರಿಗಳು 1970ರ ದಶಕದಲ್ಲಿ ತೆರೆದವು. ಸದ್ದು ಕಿವಿಗೆ ಬಿದ್ದಾಗ ನರದಲ್ಲೂ ಮಿದುಳಿನ ಬುಡದಲ್ಲೂ ಏಳುವ ಅತಿ ಸಣ್ಣ ವಿದ್ಯುತ್ ಅಲೆಗಳನ್ನು ತಲೆಗೆ ಅಂಟಿಸಿದ ತಂತಿಗಳಿಂದ ಹಿಡಿಯಬಹುದೆಂದು 1970-71ರಲ್ಲಿ ಡಾನ್ ಜುವೆಟ್ ಮತ್ತು ಸಂಗಡಿಗರು ತೋರಿಸಿದರು. ಸಾವಿರಾರು ಬಾರಿ ಟಿಕ್ ಟಿಕ್ ಸದ್ದು ಮಾಡಿ ಕಂಪ್ಯೂಟರಿನಲ್ಲಿ ಸರಾಸರಿ ತೆಗೆದರೆ ಅಲೆಗಳು ಸ್ಪಷ್ಟವಾಗಿ ಕಾಣುತ್ತವೆ. 1974ರಲ್ಲಿ ಹೆಕಾಕ್ಸ್ ಮತ್ತು ಗ್ಯಾಲಂಬಸ್ ಇದನ್ನು ಎಳೆಗೂಸುಗಳಲ್ಲಿ ಬಳಸಿದರು. ಆಸ್ಪತ್ರೆಗಳಲ್ಲಿ ‘ಬೆರಾ’ ಎಂದು ಕರೆಯುವ ಪರೀಕ್ಷೆ ಇದೇ. ಕೂಸು ನಿದ್ದೆ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಇನ್ನೂ ವಿಚಿತ್ರ. ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಸದ್ದು ಹೊರಡಿಸುತ್ತದೆ! ಒಳಕಿವಿ ಬರೀ ಸದ್ದು ಪಡೆಯುವ ಅಂಗವಲ್ಲ, ಸದ್ದಿಗೆ ತಾನೂ ಶಕ್ತಿ ಸೇರಿಸುತ್ತದೆ ಎಂದು ಥಾಮಸ್ ಗೋಲ್ಡ್ ಎಂಬ ವಿಜ್ಞಾನಿ 1948ರಲ್ಲೇ ತರ್ಕಿಸಿದ್ದ. ಅದನ್ನು ಅಳೆಯುವ ಸೂಕ್ಷ್ಮ ಉಪಕರಣ ಆಗಿರಲಿಲ್ಲ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯ ರಂಧ್ರದಲ್ಲಿ ಪುಟ್ಟ ಮೈಕ್ರೊಫೋನ್ ಇಟ್ಟು, ‘ಟಿಕ್’ ಎಂದು ಸದ್ದು ಕಳಿಸಿದಾಗ ಕೆಲವು ಮಿಲಿಸೆಕೆಂಡುಗಳ ಬಳಿಕ ಒಳಗಿನಿಂದ ಮೆಲ್ಲನೆಯ ಮರುದನಿ ಬಂತು. ಒಳಕಿವಿಯ ಕೂದಲುಕೋಶಗಳು ಆರೋಗ್ಯವಾಗಿದ್ದರೆ ಮಾತ್ರ ಈ ಮರುದನಿ ಬರುತ್ತದೆ. ಮೊದಲು ಹಲವರು ನಂಬಲಿಲ್ಲ. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಮಲಗಿದ ಶಿಶುವಿನ ಕಿವಿಗೆ ಪುಟ್ಟ ಬಿರಡೆಯಂಥದನ್ನು ಇಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಸುವ ‘ಓಎಇ’ ಪರೀಕ್ಷೆ ಇದರ ಫಲ.

ಉಪಕರಣ ಬಂದ ಮೇಲೆ ನೀತಿಯೂ ಬದಲಾಯಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಎಲ್ಲ ಶಿಶುಗಳನ್ನೂ ಮೂರು ತಿಂಗಳೊಳಗೆ ತಪಾಸಣೆ ಮಾಡಬೇಕೆಂದು ಶಿಫಾರಸು ಮಾಡಿತು. 1998ರಲ್ಲಿ ಕೊಲರಾಡೊದ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ಮತ್ತು ಸಂಗಡಿಗರ ಅಧ್ಯಯನ ಇದಕ್ಕೆ ಬಲ ತುಂಬಿತು. ಶ್ರವಣದೋಷ ಆರು ತಿಂಗಳೊಳಗೆ ಪತ್ತೆಯಾದ 72 ಮಕ್ಕಳನ್ನೂ ಆಮೇಲೆ ಪತ್ತೆಯಾದ 78 ಮಕ್ಕಳನ್ನೂ ಹೋಲಿಸಿದಾಗ ಮೊದಲ ಗುಂಪಿನವರ ಭಾಷೆ ಸ್ಪಷ್ಟವಾಗಿ ಮುಂದಿತ್ತು. ಮನೆಯವರು ಬಾಯಿಮಾತನ್ನು ಬಳಸುತ್ತಿರಲಿ, ಸನ್ನೆಭಾಷೆಯನ್ನು ಬಳಸುತ್ತಿರಲಿ, ಲಾಭ ಇಬ್ಬರಿಗೂ ಸಿಕ್ಕಿತ್ತು.

ಈ ಕೊನೆಯ ಮಾತು ಮುಖ್ಯ. ಬೇಗ ಪತ್ತೆಹಚ್ಚುವುದೆಂದರೆ ಕಿವಿಗೆ ಯಂತ್ರ ಹಾಕುವುದಷ್ಟೇ ಎಂದು ತಿಳಿಯಬೇಕಿಲ್ಲ. ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟ್ ಅಥವಾ ಸನ್ನೆ, ಯಾವ ದಾರಿಯಿಂದಾದರೂ ಸರಿ, ಭಾಷೆ ಮಗುವನ್ನು ಹೊತ್ತಿಗೆ ಸರಿಯಾಗಿ ತಲುಪಬೇಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬ ಗುರಿ 2000ದ ಹೊತ್ತಿಗೆ ರೂಪುಗೊಂಡಿತು. ಇಂಗ್ಲೆಂಡ್ ಹಳೆಯ ಚಮಚದ ಪರೀಕ್ಷೆಗೆ ವಿದಾಯ ಹೇಳಿ 2006ರೊಳಗೆ ದೇಶದ ಎಲ್ಲ ನವಜಾತ ಶಿಶುಗಳಿಗೂ ಯಂತ್ರದ ತಪಾಸಣೆ ಒದಗಿಸಿತು.

ಮೈಸೂರಿನ ಮಾತು

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ದೇಶಕ್ಕೆ ಈ ವಿದ್ಯೆಯ ತಜ್ಞರನ್ನು ತಯಾರು ಮಾಡಿಕೊಟ್ಟಿದೆ. ಅಲ್ಲಿ ಎದುರಾದ ಮೊದಲ ತೊಡಕೆಂದರೆ ಇಂಗ್ಲಿಷಿನ ಪರೀಕ್ಷಾ ಪದಗಳು ಕನ್ನಡದ ಮಗುವಿಗೆ ಉಪಯೋಗವಿಲ್ಲ. ಮಗುವಿಗೆ ಗೊತ್ತಿರುವ, ಚಿತ್ರ ತೋರಿಸಿ ಗುರುತಿಸಬಹುದಾದ, ಕನ್ನಡದ ಸದ್ದುಗಳನ್ನು ಒಳಗೊಂಡ ಪದಗಳೇ ಬೇಕು. ಹೀಗೆ ಚಿತ್ರಗಳ ನೆರವಿನ ಕನ್ನಡ ಪರೀಕ್ಷೆಯೊಂದು 1976ರಲ್ಲೇ ಮೈಸೂರಿನಲ್ಲಿ ಸಿದ್ಧವಾಯಿತು. ಸಂಸ್ಥೆ ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಊರುಗಳ ಆರೋಗ್ಯ ಕೇಂದ್ರಗಳಲ್ಲೂ ಸೇವಾ ಕೇಂದ್ರಗಳನ್ನು ತೆರೆಯಿತು.

ಕೇಂದ್ರ ಸರ್ಕಾರ 2006-07ರಲ್ಲಿ ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಹುಟ್ಟು ಕಿವುಡೂ ಸೇರಿದೆ. ಆದರೆ ತಪಾಸಣೆ ಎಲ್ಲ ಹೆರಿಗೆ ಕೋಣೆಗಳಿಗೂ ಒಂದೇ ಸಮನಾಗಿ ತಲುಪಿಲ್ಲ. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಗಳು ನಡೆಯುವ ಕುಟುಂಬಗಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು ಎಂಬುದನ್ನು ನೆನೆದರೆ ದಕ್ಷಿಣ ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ.

ತಪಾಸಣೆಯಲ್ಲಿ ಶಿಶು ‘ಫೇಲ್’ ಆಯಿತೆಂದರೆ ಕಿವುಡು ಎಂದೇ ಅರ್ಥವಲ್ಲ. ಹುಟ್ಟಿದ ಹೊಸತರಲ್ಲಿ ಕಿವಿಯೊಳಗಿನ ದ್ರವ ಆರದಿದ್ದರೂ ಹಾಗಾಗುತ್ತದೆ. ಎರಡನೆಯ ಬಾರಿ ಪರೀಕ್ಷಿಸಿ, ಅಗತ್ಯವಿದ್ದರೆ ‘ಬೆರಾ’ ಮಾಡಿಸಿದರೆ ಸಂಗತಿ ಸ್ಪಷ್ಟವಾಗುತ್ತದೆ. ಆದರೆ ಎರಡನೆಯ ಬಾರಿಗೆ ಬಾರದೆ ಉಳಿಯುವ ಕುಟುಂಬಗಳು ಎಲ್ಲ ದೇಶಗಳಲ್ಲೂ ಇವೆ. ಬಾಣಂತಿತನ, ದೂರದ ಊರು, ಬಸ್ಸಿನ ಖರ್ಚು, ಹಿರಿಯರ ‘ಏನಾಗಿಲ್ಲ ಸುಮ್ಮನಿರು’ ಎಂಬ ಮಾತು, ಕಾರಣಗಳು ಹತ್ತಾರು. ಮೊದಲ ಸಲ ತೇರ್ಗಡೆಯಾದ ಕೂಸಿಗೂ ಮುಂದೆ ಕಿವಿ ಮಂದವಾಗಬಹುದು. ಮೂರು ತಿಂಗಳಿಗೆ ತಾಯಿಯ ದನಿಗೆ ಅಳು ನಿಲ್ಲಿಸದಿದ್ದರೆ, ಎಂಟು ತಿಂಗಳಾದರೂ ಸದ್ದು ಬಂದ ಕಡೆ ತಿರುಗದಿದ್ದರೆ, ವರ್ಷ ತುಂಬಿದರೂ ಹೆಸರು ಕರೆದಾಗ ಓಗೊಡದಿದ್ದರೆ ಮತ್ತೊಮ್ಮೆ ತೋರಿಸಬೇಕು.

ಮಾತು ಬರುವವರೆಗೆ ಕಾಯುವುದು ಒಂದು ಕಾಲಕ್ಕೆ ಅನಿವಾರ್ಯವಾಗಿತ್ತು. ಕೂಸನ್ನು ಕೇಳುವ ಉಪಾಯ ಯಾರಿಗೂ ತಿಳಿದಿರಲಿಲ್ಲ. ಈಗ ಹುಟ್ಟಿದ ಮೂರನೆಯ ದಿನವೇ, ನಿದ್ದೆಗೆಡಿಸದೆ, ಕೂಸಿನ ಕಿವಿಯನ್ನೇ ಕೇಳಬಹುದು. ಆಸ್ಪತ್ರೆಯಿಂದ ಬಾಣಂತಿಯನ್ನು ಮನೆಗೆ ಕರೆತರುವ ಮುನ್ನ ‘ಕಿವಿ ಪರೀಕ್ಷೆ ಆಯಿತೇ?’ ಎಂದು ಮನೆಯವರು ಒಂದು ಮಾತು ಕೇಳಿದರೆ ಸಾಕು.